ದಾರಿ ತಪ್ಪಿದ ಹುಡುಗರ ಕಥೆ ನಮ್ಮ ಶಾಲೆಗೆ ಯಾಕೆ ಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀನು ಬಿ.ಇ. ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ. ಎಸ್ಸೆಸ್ಸೆಲ್ಸಿ ಆದಮೇಲೆ ಮುಂದೇನು ಅಂತ ಮಕ್ಕಳಿಗೆ ಒಂದಿಷ್ಟು ಹೇಳಪ್ಪ" ಎಂದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಾಲಿನಲ್ಲೇ ಮೂರು ಜನ ಕೂತಿದ್ದಾರೆ. ಹಾಗಾಗಿ ನಾನು ಸಮಿತಿಯವರ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡೆ. ಎಸ್ಸೆಸ್ಸೆಲ್ಸಿ ಆದಮೇಲೆ ಮುಂದೇನು ಎನ್ನುವ ಪ್ರಶ್ನೆ ಎಸ್ಸೆಸ್ಸೆಲ್ಸಿವರೆಗೆ ಬಂದವರಿಗೆ. ಅಲ್ಲಿಗೆ ಬರುವ ಮೊದಲೇ ಕಳಚಿಕೊಂಡು ಹೋಗುವವರು ಪ್ರತಿ ವರ್ಷವೂ ಇರುತ್ತಾರೆ. ನಮ್ಮ ಬ್ಯಾಚಿನಲ್ಲಿ ಎಂಟನೇ ತರಗತಿಯಿಂದ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಹುಡುಗರ ಕಡೆ ಎರಡು ಬೆಂಚು ಖಾಲಿಯಾಗಿದ್ದವು. ಅವರಲ್ಲಿ ಕೆಲವರು ಬಡತನಕ್ಕೆ ಬಿಟ್ಟರು. ಕೆಲವರು ಮನೆಯಲ್ಲಿ, ಶಾಲೆಯಲ್ಲಿ, ಅಥವಾ ತಮ್ಮೊಳಗೇ ನಡೆಯುತ್ತಿದ್ದ ಏನನ್ನೋ ತಾಳಲಾರದೆ ಬಿಟ್ಟರು. ಊರು ಅಂಥವರಿಗೆ ಒಂದೇ ಹೆಸರಿಟ್ಟಿತ್ತು: ಪೋಲಿ.

ಈ ಪೋಲಿ ಹುಡುಗರ ಬಗ್ಗೆ ಬರೆದ ಒಂದು ಕಾದಂಬರಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಅದು ನಮ್ಮ ದೇಶದ್ದಲ್ಲ. ಕಂಪನಿಯ ಕೆಲಸದ ಮೇಲೆ ಅಮೆರಿಕದ ಟೆಕ್ಸಾಸಿನಲ್ಲಿ ಒಂದು ವರ್ಷ ಇದ್ದಾಗ, ಹಾಸನ ಕಡೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅದನ್ನು ನೋಡಿದೆ. ಅವರ ಮಗಳಿಗೆ ಅದು ಶಾಲೆಯ ಪಾಠ. ಹೆಸರು 'ದಿ ಔಟ್‌ಸೈಡರ್ಸ್'. ಹೊರಗಿನವರು ಎಂದರ್ಥ. ಬರೆದವರು ಎಸ್. ಇ. ಹಿಂಟನ್. ಒಂದು ಶನಿವಾರ ಶುರುಮಾಡಿ ಭಾನುವಾರ ಮುಗಿಸಿದೆ.

ಮೊದಲು ಬರೆದವರ ಬಗ್ಗೆ ಹೇಳಬೇಕು, ಯಾಕೆಂದರೆ ಮುಂದೆ ಕೂತಿರುವ ಮಕ್ಕಳಿಗೆ ಅದು ಮುಖ್ಯ. ಎಸ್. ಇ. ಹಿಂಟನ್ ಎಂದರೆ ಸೂಸನ್ ಎಲೊಯಿಸ್ ಹಿಂಟನ್. ಒಕ್ಲಹೋಮ ರಾಜ್ಯದ ಟಲ್ಸಾ ಊರಿನ ಹುಡುಗಿ. ಈ ಕಾದಂಬರಿ ಬರೆಯಲು ಶುರುಮಾಡಿದಾಗ ಅವಳಿಗೆ 15 ವರ್ಷ. ಸಿನಿಮಾ ನೋಡಿ ಮನೆಗೆ ನಡೆದು ಬರುತ್ತಿದ್ದ ಅವಳ ಗೆಳೆಯನೊಬ್ಬನನ್ನು ಬೇರೆ ಗುಂಪಿನ ಹುಡುಗರು ಹಿಡಿದು ಹೊಡೆದಿದ್ದರು. ಆ ಸಿಟ್ಟಿನಲ್ಲಿ ಬರೆಯಲು ಕೂತಳು. 1967ರಲ್ಲಿ ನ್ಯೂಯಾರ್ಕಿನ ವೈಕಿಂಗ್ ಸಂಸ್ಥೆ ಅದನ್ನು ಪ್ರಕಟಿಸಿದಾಗ ಅವಳಿಗೆ 18. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆ ಎಂದು ಗೊತ್ತಾದರೆ ವಿಮರ್ಶಕರು ಹಗುರವಾಗಿ ನೋಡಬಹುದು ಎಂದು ಪ್ರಕಾಶಕರು ಹೆಸರನ್ನು ಬರೀ ಇನಿಷಿಯಲ್ ಮಾಡಿದರು. ಇನ್ನೊಂದು ಸಂಗತಿಯನ್ನು ಹಿಂಟನ್ ಅವರೇ ಹೇಳಿಕೊಂಡಿದ್ದಾರೆ. ಈ ಪುಸ್ತಕ ಬರೆಯುತ್ತಿದ್ದ ವರ್ಷವೇ ಸೃಜನಾತ್ಮಕ ಬರವಣಿಗೆಯ ತರಗತಿಯಲ್ಲಿ ಅವರಿಗೆ ಬಂದ ಗ್ರೇಡ್ ಡಿ. ಅಂದರೆ ಜಸ್ಟ್ ಪಾಸು. ಆ ಪುಸ್ತಕ ಇವತ್ತಿಗೆ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಹದಿಹರೆಯದವರಿಗಾಗಿಯೇ ಕಾದಂಬರಿ ಬರೆಯುವ ಒಂದು ಹೊಸ ದಾರಿಯೇ ಅದರಿಂದ ಗಟ್ಟಿಯಾಯಿತು ಎಂದು ಸಾಹಿತ್ಯ ಬಲ್ಲವರು ಹೇಳುತ್ತಾರೆ.

ಈಗ ಕಥೆ. ಹೇಳುವವನು ಪೋನಿಬಾಯ್ ಕರ್ಟಿಸ್, 14 ವರ್ಷ. ನಮ್ಮ ಲೆಕ್ಕದಲ್ಲಿ ಒಂಬತ್ತನೇ ತರಗತಿ. ಹೆಸರು ವಿಚಿತ್ರ ಅನ್ನಿಸಿದರೂ ಅದು ಅವನ ಅಪ್ಪ ಇಟ್ಟ ನಿಜವಾದ ಹೆಸರು. ಅಪ್ಪ ಅಮ್ಮ ಎಂಟು ತಿಂಗಳ ಹಿಂದೆ ಕಾರು ಅಪಘಾತದಲ್ಲಿ ತೀರಿಹೋಗಿದ್ದಾರೆ. ಮನೆಯಲ್ಲಿ ಉಳಿದವರು ಮೂವರು ಅಣ್ಣತಮ್ಮಂದಿರು. ದೊಡ್ಡವನು ಡ್ಯಾರಿ, 20 ವರ್ಷ. ಓದಿನಲ್ಲಿ, ಫುಟ್‌ಬಾಲಿನಲ್ಲಿ ಮುಂದಿದ್ದವನು. ಕಾಲೇಜಿಗೆ ಹೋಗದೆ ತಮ್ಮಂದಿರನ್ನು ಸಾಕಲು ಮನೆಗಳ ಚಾವಣಿ ಹೊದಿಸುವ ಕೆಲಸಕ್ಕೆ ಹೋಗುತ್ತಾನೆ. ನಡುವಿನವನು ಸೋಡಾಪಾಪ್, ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿದ್ದಾನೆ. ಈ ಮೂವರೂ ಒಟ್ಟಿಗೆ ಇರಬೇಕಾದರೆ ಯಾವ ಗಲಾಟೆಗೂ ಹೋಗಬಾರದು. ಹೋದರೆ ಸರ್ಕಾರದವರು ಚಿಕ್ಕವರಿಬ್ಬರನ್ನು ಬಾಲಕರ ವಸತಿ ಗೃಹಕ್ಕೆ ಸೇರಿಸುತ್ತಾರೆ.

ಆ ಊರಿನಲ್ಲಿ ಹುಡುಗರದ್ದು ಎರಡು ಪಂಗಡ. ಬಡವರ ಬೀದಿಯವರು 'ಗ್ರೀಸರ್'ಗಳು, ತಲೆಗೆ ಎಣ್ಣೆ ಹಚ್ಚಿ ಉದ್ದ ಕೂದಲು ಬಿಟ್ಟವರು. ಇನ್ನೊಂದು ಕಡೆ 'ಸೋಶ್'ಗಳು, ಒಳ್ಳೆಯ ಕಾರು, ಒಳ್ಳೆಯ ಬಟ್ಟೆಯ ಸಾಹುಕಾರರ ಮಕ್ಕಳು. ಎರಡೂ ಕಡೆಯವರು ಹೊಡೆದಾಡುತ್ತಾರೆ. ಆದರೆ ಪೇಪರಿನಲ್ಲಿ, ಊರಿನ ಬಾಯಲ್ಲಿ ಗೂಂಡಾಗಳು ಎನ್ನಿಸಿಕೊಳ್ಳುವವರು ಗ್ರೀಸರ್‌ಗಳು ಮಾತ್ರ.

ಪೋನಿಬಾಯ್‌ನ ಗೆಳೆಯ ಜಾನಿ ಕೇಡ್‌ಗೆ 16 ವರ್ಷ. ಅವನ ಅಪ್ಪ ಕುಡಿದು ಹೊಡೆಯುತ್ತಾನೆ, ಅಮ್ಮ ಅವನು ಇದ್ದಾನೆ ಎಂಬುದನ್ನೇ ಮರೆತಿದ್ದಾಳೆ. ರಾತ್ರಿ ಮನೆಗೆ ಹೋಗಲು ಹೆದರಿ ಖಾಲಿ ಸೈಟಿನಲ್ಲಿ ಮಲಗುತ್ತಾನೆ. ಕೆಲವು ತಿಂಗಳ ಹಿಂದೆ ನಾಲ್ಕು ಜನ ಸೋಶ್‌ಗಳು ಅವನನ್ನು ಸಾಯುವ ಹಾಗೆ ಹೊಡೆದಿದ್ದಾರೆ. ಅಂದಿನಿಂದ ಜೇಬಿನಲ್ಲಿ ಚಾಕು ಇಟ್ಟುಕೊಂಡೇ ಓಡಾಡುತ್ತಾನೆ. ಚಾಕು ಇಟ್ಟುಕೊಂಡ ಹುಡುಗ ಎಂದರೆ ನಮ್ಮ ಕಣ್ಣಿಗೆ ಏನು ಕಾಣುತ್ತದೆ ಯೋಚಿಸಿ. ಪುಸ್ತಕ ಓದಿದವರಿಗೆ ಕಾಣುವುದು ಆ ಗುಂಪಿನಲ್ಲೇ ಅತಿ ಹೆಚ್ಚು ಹೆದರಿದ ಹುಡುಗ.

ಒಂದು ರಾತ್ರಿ ಪೋನಿಬಾಯ್ ತಡವಾಗಿ ಮನೆಗೆ ಬರುತ್ತಾನೆ. ಕಾದು ಕಾದು ಗಾಬರಿಯಾಗಿದ್ದ ಡ್ಯಾರಿ ಬೈಯುತ್ತಾನೆ, ಮಾತಿಗೆ ಮಾತು ಬೆಳೆದು ಕೆನ್ನೆಗೆ ಹೊಡೆಯುತ್ತಾನೆ. ಆ ಮನೆಯಲ್ಲಿ ಅದುವರೆಗೆ ಯಾರೂ ಯಾರಿಗೂ ಹೊಡೆದಿರಲಿಲ್ಲ. ಹುಡುಗ ಮನೆ ಬಿಟ್ಟು ಓಡುತ್ತಾನೆ. ಅವನೂ ಜಾನಿಯೂ ಪಾರ್ಕಿನಲ್ಲಿದ್ದಾಗ ಸೋಶ್‌ಗಳು ಬಂದು ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಿನಲ್ಲಿ ಅದುಮಿ ಹಿಡಿಯುತ್ತಾರೆ. ಅವನನ್ನು ಉಳಿಸಲು ಜಾನಿ ಚಾಕು ಹಾಕುತ್ತಾನೆ. ಬಾಬ್ ಎನ್ನುವ ಹುಡುಗ ಸಾಯುತ್ತಾನೆ.

ಇಬ್ಬರೂ ಗೂಡ್ಸ್ ರೈಲು ಹತ್ತಿ ಓಡಿಹೋಗಿ ಹಳ್ಳಿಯ ಕಡೆ ಪಾಳುಬಿದ್ದ ಚರ್ಚಿನಲ್ಲಿ ಅಡಗುತ್ತಾರೆ. ಅಲ್ಲಿ ಹೊತ್ತು ಕಳೆಯಲು ಅವರು ಮಾಡುವುದೇನು ಗೊತ್ತೆ? 'ಗಾನ್ ವಿತ್ ದಿ ವಿಂಡ್' ಎಂಬ ದಪ್ಪ ಕಾದಂಬರಿಯನ್ನು ಒಬ್ಬ ಓದುವುದು, ಇನ್ನೊಬ್ಬ ಕೇಳುವುದು. ಶಾಲೆಯಲ್ಲಿ ಹಿಂದುಳಿದವನು ಎನ್ನಿಸಿಕೊಂಡಿದ್ದ ಜಾನಿ, ಕ್ಲಾಸಿನ ಜಾಣನಾದ ಪೋನಿಬಾಯ್‌ಗೂ ಹೊಳೆಯದ ಅರ್ಥವನ್ನು ಆ ಪುಸ್ತಕದಲ್ಲಿ ಕಂಡುಕೊಳ್ಳುತ್ತಾನೆ. ಅವನಿಗೆ ಬುದ್ಧಿ ಮೊದಲಿನಿಂದಲೂ ಇತ್ತು, ಅವನ ಪಕ್ಕ ಕೂತು ನಿಧಾನವಾಗಿ ಓದಿ ಹೇಳುವವರು ಇರಲಿಲ್ಲ ಅಷ್ಟೆ.

ಕೊನೆಗೆ ಜಾನಿ ಪೊಲೀಸರಿಗೆ ಶರಣಾಗಲು ತೀರ್ಮಾನಿಸುತ್ತಾನೆ. ಅಷ್ಟರಲ್ಲಿ ಚರ್ಚಿಗೆ ಬೆಂಕಿ ಬಿದ್ದು, ಅಲ್ಲಿಗೆ ಪಿಕ್ನಿಕ್ ಬಂದಿದ್ದ ಪುಟ್ಟ ಮಕ್ಕಳು ಒಳಗೆ ಸಿಕ್ಕಿಕೊಳ್ಳುತ್ತಾರೆ. ಇಬ್ಬರೂ ಒಳಗೆ ನುಗ್ಗಿ ಮಕ್ಕಳನ್ನು ಹೊರಗೆ ಹಾಕುತ್ತಾರೆ. ಉರಿಯುವ ತೊಲೆ ಬಿದ್ದು ಜಾನಿಯ ಬೆನ್ನು ಮುರಿಯುತ್ತದೆ. ಆಸ್ಪತ್ರೆಯಲ್ಲಿ ಅವನು ತೀರಿಕೊಳ್ಳುತ್ತಾನೆ. ಅವನನ್ನು ತಮ್ಮನಂತೆ ನೋಡಿಕೊಂಡಿದ್ದ ಡ್ಯಾಲಿ, ಹತ್ತನೆ ವಯಸ್ಸಿಗೇ ಜೈಲು ಕಂಡಿದ್ದವನು, ಆ ದುಃಖ ತಾಳಲಾರದೆ ಪೊಲೀಸರ ಎದುರು ಗುಂಡಿಲ್ಲದ ಪಿಸ್ತೂಲು ಎತ್ತಿ ಹಿಡಿದು ಅವರ ಗುಂಡಿಗೆ ಬಲಿಯಾಗುತ್ತಾನೆ. ಒಂದೇ ವಾರದಲ್ಲಿ ಮೂರು ಹುಡುಗರ ಸಾವು.

ಕಥೆ ಇಷ್ಟೇ. ಇದರಲ್ಲಿ ನಮಗೆ ಬೇಕಾದದ್ದು ಏನಿದೆ ಎಂದು ಈಗ ನೋಡೋಣ.

ಮೊದಲನೆಯದು, ಅಣ್ಣ ಡ್ಯಾರಿಯ ವಿಷಯ. ಕಥೆಯನ್ನು ಹೇಳುವವನು ತಮ್ಮ. ತಮ್ಮನ ಪ್ರಕಾರ ಅಣ್ಣನಿಗೆ ತನ್ನನ್ನು ಕಂಡರೆ ಆಗುವುದಿಲ್ಲ. ಯಾವಾಗಲೂ ಬೈಗುಳ, ಮಾರ್ಕ್ಸು ಕಡಿಮೆ ಎಂದು ಗೊಣಗಾಟ. ಆದರೆ ಓದುವ ನಮಗೆ ತಮ್ಮನಿಗೆ ಕಾಣದ್ದು ಕಾಣುತ್ತದೆ. ಎರಡು ಕೆಲಸ ಮಾಡಿ ಸುಸ್ತಾದ ಇಪ್ಪತ್ತು ವರ್ಷದ ಹುಡುಗ, ಅಪ್ಪ ಅಮ್ಮನ ಹಾಗೆ ಈ ತಮ್ಮನೂ ಒಂದು ದಿನ ಇಲ್ಲವಾದರೆ ಎಂಬ ಹೆದರಿಕೆಯಲ್ಲಿ ಬದುಕುತ್ತಿದ್ದಾನೆ. ಬೆಂಕಿಯ ಘಟನೆಯಾದ ಮೇಲೆ ಆಸ್ಪತ್ರೆಯಲ್ಲಿ ಅಣ್ಣ ಅಳುವುದನ್ನು ನೋಡಿದಾಗಲೇ ತಮ್ಮನಿಗೆ ಅದು ಅರ್ಥವಾಗುವುದು. ನಮ್ಮ ಮನೆಗಳಲ್ಲೂ ಅಪ್ಪಂದಿರ, ಅಣ್ಣಂದಿರ ಪ್ರೀತಿ ಬೈಗುಳದ ರೂಪದಲ್ಲೇ ಹೊರಗೆ ಬರುತ್ತದೆ. ಹದಿನಾಲ್ಕರ ಹುಡುಗನಿಗೆ ಬೈಗುಳ ಕೇಳಿಸುತ್ತದೆ, ಅದರ ಹಿಂದಿನ ಹೆದರಿಕೆ ಕೇಳಿಸುವುದಿಲ್ಲ. ಇಂಥ ಕಥೆ ಓದಿದ ಮಗುವಿಗೆ ತನ್ನ ಅಪ್ಪನ ಇನ್ನೊಂದು ಮುಖ ಊಹಿಸಲು ಆಗುತ್ತದೆ. ಓದಿದ ಅಪ್ಪನಿಗೂ ತನ್ನ ಮಾತು ಆ ಕಡೆ ಹೇಗೆ ಕೇಳಿಸುತ್ತಿದೆ ಎಂದು ತಿಳಿಯುತ್ತದೆ.

ಎರಡನೆಯದು, ಸತ್ತುಹೋದ ಬಾಬ್. ಅವನು ಸಾಹುಕಾರರ ಮಗ, ಕುಡಿದು ಬಂದು ಬಡವರ ಹುಡುಗರನ್ನು ಹೊಡೆದವನು. ಲೇಖಕಿ ಅವನನ್ನು ಖಳನಾಯಕ ಮಾಡಿ ಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಅವನ ಗೆಳೆಯ ರ‍್ಯಾಂಡಿ ಬಂದು ಹೇಳುತ್ತಾನೆ: ಬಾಬ್‌ನ ಅಪ್ಪ ಅಮ್ಮ ಒಂದು ದಿನವೂ ಅವನಿಗೆ ಬೇಡ ಎನ್ನಲಿಲ್ಲ, ಒಂದೇ ಒಂದು ಸಲ ಯಾರಾದರೂ ಗಟ್ಟಿಯಾಗಿ ತಡೆಯಲಿ ಎಂದೇ ಅವನು ಕಾಯುತ್ತಿದ್ದ. ಅಂದರೆ ಅತಿಯಾಗಿ ಹೊಡೆತ ತಿಂದ ಜಾನಿಯೂ ಅತಿಯಾಗಿ ಮುದ್ದು ಮಾಡಿಸಿಕೊಂಡ ಬಾಬ್‌ನೂ ಕೊನೆಗೆ ಒಂದೇ ಕಾರಂಜಿಯ ಹತ್ತಿರ ಬಂದು ನಿಂತರು. ಹೆತ್ತವರು ಈ ಮಾತನ್ನು ಮನೆಗೆ ತೆಗೆದುಕೊಂಡು ಹೋಗಬೇಕೆಂದು ನನ್ನ ಕೋರಿಕೆ.

ಮೂರನೆಯದು ಶಿಕ್ಷಕರಿಗೆ. ಎಲ್ಲ ಮುಗಿದ ಮೇಲೆ ಪೋನಿಬಾಯ್ ಮಂಕಾಗುತ್ತಾನೆ. ಊಟ ಸೇರುವುದಿಲ್ಲ, ಮರೆವು, ಮಾರ್ಕ್ಸು ಇಳಿಯುತ್ತದೆ. ಜಾನಿ ಸತ್ತದ್ದನ್ನೇ ಕೆಲವೊಮ್ಮೆ ನಂಬುವುದಿಲ್ಲ. ಅವನ ಇಂಗ್ಲಿಷ್ ಮೇಷ್ಟ್ರು ಸೈಮ್ ಅವನನ್ನು ಕರೆದು, ನೀನು ಫೇಲಾಗುವ ಸ್ಥಿತಿಯಲ್ಲಿದ್ದೀಯ, ಆದರೆ ನಿನ್ನ ಮನೆಯ ಪರಿಸ್ಥಿತಿ ನನಗೆ ಗೊತ್ತು, ಒಂದು ಒಳ್ಳೆಯ ಪ್ರಬಂಧ ಬರೆದುಕೊಡು, ಪಾಸು ಮಾಡುತ್ತೇನೆ ಎನ್ನುತ್ತಾರೆ. ವಿಷಯ ನಿನ್ನಿಷ್ಟ. ಅವನು ಬರೆಯಲು ಕೂತ ಪ್ರಬಂಧವೇ ನಾವು ಓದುತ್ತಿರುವ ಕಾದಂಬರಿ ಎಂದು ಕೊನೆಯ ಪುಟದಲ್ಲಿ ತಿಳಿಯುತ್ತದೆ. ಆ ಮೇಷ್ಟ್ರು ಪುಸ್ತಕದಲ್ಲಿ ಬಂದು ಹೋಗುವುದು ಒಂದೆರಡು ಪುಟ ಮಾತ್ರ. ಅವರು ಮಾಡಿದ್ದು ಎರಡೇ ಕೆಲಸ. ಹುಡುಗನ ಮಾರ್ಕ್ಸು ಇಳಿದದ್ದನ್ನು ಗಮನಿಸಿದರು, ಮತ್ತು ಬರೆಯಲು ಒಂದು ದಾರಿ ಕೊಟ್ಟರು.

ನನ್ನ ಕೆಲಸದ ಭಾಷೆಯಲ್ಲಿ ಒಂದು ಮಾತು ಹೇಳುತ್ತೇನೆ. ಸಾಫ್ಟ್‌ವೇರ್ ಕೆಟ್ಟಾಗ ಪರದೆಯ ಮೇಲೆ ಎರರ್ ಮೆಸೇಜ್ ಬರುತ್ತದೆ. ಆ ಮೆಸೇಜನ್ನು ಅಳಿಸಿಹಾಕಿದರೆ ತೊಂದರೆ ಹೋಗುವುದಿಲ್ಲ. ತೊಂದರೆ ಬೇರೆಲ್ಲೋ ಇರುತ್ತದೆ. ಅದಕ್ಕೆ ನಾವು 'ಲಾಗ್' ಓದುತ್ತೇವೆ, ಅಂದರೆ ಆ ಗಳಿಗೆಗೆ ಮುಂಚೆ ಏನೇನಾಯಿತು ಎಂಬ ದಿನಚರಿ. ಹುಡುಗ ಕ್ಲಾಸಿಗೆ ಚಕ್ಕರ್ ಹೊಡೆಯುವುದು, ಎದುರು ಮಾತಾಡುವುದು, ಹುಡುಗಿ ಇದ್ದಕ್ಕಿದ್ದಂತೆ ಮಾತು ಬಿಡುವುದು, ಇವೆಲ್ಲ ಎರರ್ ಮೆಸೇಜುಗಳು. ಬೆತ್ತದಿಂದ ಮೆಸೇಜನ್ನು ಅಳಿಸಬಹುದು. ಲಾಗ್ ಓದಲು ಮಾತ್ರ ತಾಳ್ಮೆ ಬೇಕು. ಒಳ್ಳೆಯ ಕಾದಂಬರಿ ಅಂಥ ಒಂದು ಲಾಗ್.

ವಿಜ್ಞಾನವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯ ಎನ್ನುತ್ತದೆ. ಮೆದುಳಿನ ಮುಂಭಾಗ, ಅಂದರೆ ಹಿಂದುಮುಂದು ಯೋಚಿಸಿ ತನ್ನನ್ನು ತಾನು ತಡೆದುಕೊಳ್ಳುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಸಿಟ್ಟು, ಭಯ, ಆಸೆಯ ಭಾಗಗಳು ಅದಕ್ಕಿಂತ ಮೊದಲೇ ಚುರುಕಾಗಿರುತ್ತವೆ. ಎಂಜಿನ್ ಜೋರಾಗಿದೆ, ಬ್ರೇಕು ಇನ್ನೂ ಕೂಡಿಸುತ್ತಿದ್ದಾರೆ ಎಂದುಕೊಳ್ಳಿ. ಆ ವಯಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ದೊಡ್ಡವರು ಕೂತಿರಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಇನ್ನೊಂದು ಪುಸ್ತಕದ ಹೆಸರು ಹೇಳಲೇಬೇಕು. ಲಾರಿ ಹಾಲ್ಸ್ ಆಂಡರ್ಸನ್ ಅವರ 'ಸ್ಪೀಕ್', 1999ರಲ್ಲಿ ಬಂದದ್ದು. ಮೆಲಿಂಡಾ ಎಂಬ ಹುಡುಗಿ ಹೈಸ್ಕೂಲಿಗೆ ಸೇರುವ ಮುಂಚಿನ ಬೇಸಿಗೆಯಲ್ಲಿ ಒಂದು ಪಾರ್ಟಿಯಲ್ಲಿ ದೌರ್ಜನ್ಯಕ್ಕೆ ಒಳಗಾಗುತ್ತಾಳೆ. ಗಾಬರಿಯಲ್ಲಿ ಪೊಲೀಸರಿಗೆ ಫೋನ್ ಮಾಡುತ್ತಾಳೆ, ಆದರೆ ಏನಾಯಿತೆಂದು ಹೇಳಲು ಬಾಯಿ ಬರುವುದಿಲ್ಲ. ಪಾರ್ಟಿ ಕೆಡಿಸಿದವಳು ಎಂದು ಗೆಳತಿಯರೆಲ್ಲ ಅವಳನ್ನು ದೂರ ಮಾಡುತ್ತಾರೆ. ಅವಳು ವರ್ಷಪೂರ್ತಿ ಹೆಚ್ಚುಕಡಿಮೆ ಮೂಕಿಯಂತಾಗುತ್ತಾಳೆ. ಮನೆಯವರು, ಶಾಲೆಯವರು ಅದನ್ನು ಸೊಕ್ಕು, ಸೋಮಾರಿತನ ಎಂದುಕೊಳ್ಳುತ್ತಾರೆ. ಡ್ರಾಯಿಂಗ್ ಮೇಷ್ಟ್ರು ವರ್ಷವಿಡೀ ಬಿಡಿಸಲು ಅವಳಿಗೆ ಸಿಕ್ಕ ಒಂದೇ ವಿಷಯವನ್ನು, ಮರವನ್ನು, ಕೈಬಿಡದಂತೆ ಜೊತೆಗಿರುತ್ತಾರೆ. ಆ ಮರ ಸರಿಯಾಗಿ ಬರುವಷ್ಟರಲ್ಲಿ ಅವಳಿಗೆ ಮಾತು ಬರುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರಿಂದ ಪೋಕ್ಸೋ ಕಾಯ್ದೆ ಇದೆ. ಕಾಯ್ದೆ ಕೆಲಸ ಮಾಡಬೇಕಾದರೆ ಮಗು ಮೊದಲು ಬಾಯಿ ಬಿಡಬೇಕು. ಬಾಯಿ ಬಿಡುವ ಧೈರ್ಯವನ್ನು, ತನ್ನಂಥವಳು ಇನ್ನೊಬ್ಬಳು ಬಾಯಿ ಬಿಟ್ಟ ಕಥೆ ಕೊಡಬಹುದು.

ನಮ್ಮಲ್ಲಿ ಇಂಥವು ಇಲ್ಲವೆ ಎಂದು ಕೇಳಬಹುದು. ಹದಿಹರೆಯದವರಿಗೆಂದೇ ಬರೆದದ್ದು ಕಡಿಮೆ, ಆದರೆ ಆ ವಯಸ್ಸಿನ ಕಣ್ಣಿನಿಂದ ಲೋಕ ಕಂಡ ದೊಡ್ಡ ಕೃತಿಗಳು ಕನ್ನಡದಲ್ಲಿವೆ. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿ ವೇದ ಕಲಿಯಲು ಬಂದ ಪುಟ್ಟ ನಾಣಿ, ತನ್ನನ್ನು ತಾಯಿಯಂತೆ ನೋಡಿಕೊಂಡ ಯಮುನಕ್ಕ ಎಂಬ ಯುವ ವಿಧವೆಯನ್ನು ಊರು ಹೊರಗೆ ಹಾಕುವುದನ್ನು ನೋಡುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಸಿದ್ದಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಆತ್ಮಕಥೆಗಳು. ಹಸಿವು, ಅವಮಾನದ ನಡುವೆ ಒಬ್ಬ ಹುಡುಗ ಹೇಗೆ ಬೆಳೆಯುತ್ತಾನೆ ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಪಾಠ ಬೇಡ.

ಹಿಂಟನ್ ಅವರ ಪುಸ್ತಕ ಬಿಟ್ಟ ಜಾಗವನ್ನು ಇವು ತುಂಬುತ್ತವೆ ಎಂದೂ ಹೇಳಬೇಕು. 1921ರಲ್ಲಿ ಅದೇ ಟಲ್ಸಾದಲ್ಲಿ ಕಪ್ಪು ಜನರ ಗ್ರೀನ್‌ವುಡ್ ಎಂಬ ಬಡಾವಣೆಯನ್ನು ಬಿಳಿಯರ ಗುಂಪು ಸುಟ್ಟು ಹಾಕಿ ಅನೇಕರನ್ನು ಕೊಂದಿತ್ತು. ಅಲ್ಲಿನ ಹುಡುಗರ ಕಾದಂಬರಿಯಲ್ಲಿ ಆ ಗೆರೆಯ ಮಾತೇ ಇಲ್ಲ. ಬಡವ ಬಲ್ಲಿದ ಎಂಬ ಗೆರೆ ಮಾತ್ರ ಇದೆ. ಹದಿನಾರರ ಹುಡುಗಿ ತನಗೆ ಕಂಡಷ್ಟನ್ನು ಬರೆದಳು. ನಮ್ಮ ಊರು ಮತ್ತು ಕೇರಿಯ ನಡುವಿನ ಗೆರೆಯನ್ನು ನಮ್ಮವರೇ ಬರೆದು ತೋರಿಸಬೇಕು, ತೋರಿಸಿದ್ದಾರೆ.

ಇನ್ನು ಆಕ್ಷೇಪ. ಹೊಡೆದಾಟ, ಸಿಗರೇಟು, ಮನೆ ಬಿಟ್ಟು ಓಡಿಹೋಗುವುದು ಇರುವ ಕಥೆಗಳನ್ನು ಮಕ್ಕಳ ಕೈಗೆ ಕೊಟ್ಟರೆ ಕೆಡುವುದಿಲ್ಲವೆ? ಇದು ಹಗುರವಾದ ಪ್ರಶ್ನೆಯಲ್ಲ. ಅಮೆರಿಕದಲ್ಲೂ ಈ ಪುಸ್ತಕವನ್ನು ಶಾಲೆಗಳಿಂದ ತೆಗೆಯಬೇಕೆಂದು ಹಲವರು ಒತ್ತಾಯಿಸಿದ್ದಾರೆ. 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ನೂರು ಪುಸ್ತಕಗಳ ಪಟ್ಟಿಯನ್ನು ಅಲ್ಲಿನ ಗ್ರಂಥಾಲಯ ಸಂಘ ಮಾಡಿದಾಗ ಇದೂ ಅದರಲ್ಲಿತ್ತು. ನನ್ನ ಉತ್ತರ ಇಷ್ಟು. ಚಾಕು ನಮ್ಮ ಮಕ್ಕಳಿಗೆ ಹೊಸದಲ್ಲ. ಮಚ್ಚು ಹಿಡಿದ ಹೀರೋವನ್ನು ಅವರು ಪ್ರತಿ ಶುಕ್ರವಾರ ನೋಡುತ್ತಾರೆ, ಮೊಬೈಲಿನಲ್ಲಿ ದಿನವೂ ನೋಡುತ್ತಾರೆ. ಅಲ್ಲಿ ಹೀರೋ ಹತ್ತು ಜನರನ್ನು ಕಡಿದು ಹಾಡಿಗೆ ಹೋಗುತ್ತಾನೆ. ಈ ಪುಸ್ತಕದಲ್ಲಿ ಒಂದು ಚಾಕು ಬಿದ್ದ ಮೇಲೆ ನೂರು ಪುಟ ಅದರ ಲೆಕ್ಕ ನಡೆಯುತ್ತದೆ. ಹಾಕಿದವನು ನಡುಗುತ್ತಾನೆ, ಅಳುತ್ತಾನೆ, ಸತ್ತವನ ಗೆಳೆಯನೂ ಅಳುತ್ತಾನೆ. ಹೊಡೆದಾಟದಿಂದ ಯಾವುದೂ ಬಗೆಹರಿಯಲಿಲ್ಲ ಎಂದು ಗೆದ್ದವರಿಗೇ ಗೊತ್ತಾಗುತ್ತದೆ. ಹಾಗಿದ್ದೂ ಮಗುವಿನ ಕೈಗೆ ಪುಸ್ತಕ ಕೊಟ್ಟು ಸುಮ್ಮನೆ ಹೋಗಬಾರದು. ದೊಡ್ಡವರೊಬ್ಬರು ಮೊದಲು ಓದಿರಬೇಕು, ಆಮೇಲೆ ಜೊತೆಗೆ ಮಾತಾಡಬೇಕು.

ನಮ್ಮ ಬ್ಯಾಚಿನ ಒಬ್ಬನ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಹೇಳುತ್ತೇನೆ ಎಂದು ಅವನನ್ನು ಕೇಳಿಯೇ ಬಂದಿದ್ದೇನೆ. ಏಳನೇ ತರಗತಿವರೆಗೆ ಲೆಕ್ಕದಲ್ಲಿ ನನಗಿಂತ ಮುಂದಿದ್ದವನು. ಎಂಟರಲ್ಲಿದ್ದಾಗ ಅಪ್ಪ ತೀರಿಕೊಂಡರು. ಬೆಳಗಿನ ಜಾವ ಎದ್ದು ಮಾವನ ಜೊತೆ ತೆಂಗಿನಕಾಯಿ ಸುಲಿಯಲು ಹೋಗಿ, ಆಮೇಲೆ ಶಾಲೆಗೆ ಬರುತ್ತಿದ್ದ. ಕೈಯಲ್ಲಿ ಗಾಯ, ಕ್ಲಾಸಿನಲ್ಲಿ ನಿದ್ದೆ. ನಿದ್ದೆ ಮಾಡಿದ್ದಕ್ಕೆ ಏಟು, ಏಟಿಗೆ ಎದುರು ಮಾತು, ಎದುರು ಮಾತಿಗೆ ವಾರಗಟ್ಟಲೆ ಹೊರಗೆ ನಿಲ್ಲಿಸುವುದು. ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. "ಯಾಕೋ ಮಗ, ನಿದ್ದೆ ಮಾಡ್ತೀಯ ಅಂತ ಒಬ್ಬರು ಕೇಳಿದ್ದರೆ ಹೇಳ್ತಿದ್ದೆ ಕಣೋ. ಯಾಕೆ ಅಂತ ಕೇಳಲೇ ಇಲ್ಲ, ಯಾಕೋ ಅಂತ ಗದರಿಸಿದ್ರು" ಎಂದು ಮೊನ್ನೆ ಹೇಳಿದ. ಯಾವ ಮೇಷ್ಟ್ರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆಗ ಒಂದೊಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ ಎಂದು ನಮಗೆಲ್ಲ ಗೊತ್ತಿದೆ. ಅವನು ಇವತ್ತು ಸ್ವಂತ ಕಾಲಿನ ಮೇಲೆ ನಿಂತಿದ್ದಾನೆ. ಈ ಶಾಮಿಯಾನ, ಈ ಮೈಕು ಅವನದೇ. ಬಾಡಿಗೆ ತೆಗೆದುಕೊಂಡಿಲ್ಲ. ಆದರೂ ಲೆಕ್ಕದಲ್ಲಿ ಅಷ್ಟು ಚುರುಕಾಗಿದ್ದವನು ಯಾವ ದಾರಿಯಲ್ಲಿ ಹೋಗಬಹುದಿತ್ತು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಷ್ಟ ಅವನೊಬ್ಬನದಲ್ಲ.

ಕೊನೆಗೆ, ಏನು ಮಾಡಬಹುದು ಎಂಬುದು. 1980ರ ಸುಮಾರಿಗೆ ಕ್ಯಾಲಿಫೋರ್ನಿಯದ ಫ್ರೆಸ್ನೊ ಹತ್ತಿರದ ಲೋನ್ ಸ್ಟಾರ್ ಎಂಬ ಶಾಲೆಯ ಲೈಬ್ರರಿಯಲ್ಲಿ ಜೋ ಎಲೆನ್ ಮಿಸಾಕಿಯನ್ ಎಂಬುವರು ಕೆಲಸಕ್ಕಿದ್ದರು. ಪುಸ್ತಕ ಎಂದರೆ ದೂರ ಓಡುವ ಹುಡುಗರೂ 'ದಿ ಔಟ್‌ಸೈಡರ್ಸ್' ಕೇಳಿ ತೆಗೆದುಕೊಂಡು ಹೋಗುವುದನ್ನು ಗಮನಿಸಿದರು. ಮಕ್ಕಳ ಸಹಿ ಹಾಕಿಸಿ, ಇದನ್ನು ಸಿನಿಮಾ ಮಾಡಿ ಎಂದು 'ಗಾಡ್‌ಫಾದರ್' ಖ್ಯಾತಿಯ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಿಗೇ ಕಾಗದ ಬರೆದರು. ಕೊಪೊಲಾ ಪುಸ್ತಕ ಓದಿ ಟಲ್ಸಾಕ್ಕೆ ಹೋಗಿ ಸಿನಿಮಾ ತೆಗೆದರು. 1983ರಲ್ಲಿ ಬಂದ ಆ ಸಿನಿಮಾವನ್ನು ಆ ಲೈಬ್ರರಿಯ ಹೆಣ್ಣುಮಗಳಿಗೂ ಆ ಶಾಲೆಯ ಮಕ್ಕಳಿಗೂ ಅರ್ಪಿಸಿದರು. ಒಂದು ಹಳ್ಳಿಗಾಡಿನ ಶಾಲೆಯ ಲೈಬ್ರರಿ, ಬಾಗಿಲು ತೆರೆದಿದ್ದರಿಂದ, ಅಷ್ಟು ಮಾಡಿತು.

ನಮ್ಮ ಶಾಲೆಯ ಪುಸ್ತಕದ ಬೀರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿದೆ. ಬೀಗವೂ ಇದೆ. ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಮೇಷ್ಟ್ರು, ಹಾಗಾಗಿ ಬೀಗ ಹಾಕುವುದು ಸಹಜ. ಅದಕ್ಕೆ ನಮ್ಮ ಬ್ಯಾಚಿನವರು ಸೇರಿ ಒಂದು ತೀರ್ಮಾನ ಮಾಡಿದ್ದೇವೆ. ಇನ್ನೊಂದು ಬೀರು, ಅದಕ್ಕೆ ಬೇಕಾದ ಕಥೆ ಕಾದಂಬರಿಗಳನ್ನು ನಾವು ಕೊಡುತ್ತೇವೆ. ಅದು ಸ್ಟಾಕ್ ರಿಜಿಸ್ಟರಿಗೆ ಬೇಡ. ಹರಿದರೆ, ಕಳೆದರೆ ಪ್ರತಿ ವರ್ಷ ಜೂನ್‌ನಲ್ಲಿ ನಾವೇ ತುಂಬುತ್ತೇವೆ. ಬೀಗ ಮಾತ್ರ ಇರಬಾರದು.

ಎರಡನೆಯ ಕೋರಿಕೆ ಶಿಕ್ಷಕರಲ್ಲಿ. ವಾರಕ್ಕೊಂದು ಪೀರಿಯಡ್ ಓದಿ ಹೇಳುವುದಕ್ಕೆ ಇಡಿ. ಓದಲು ಬಾರದ ಮಕ್ಕಳೂ ಕೇಳಬಲ್ಲರು. 'ದಿ ಔಟ್‌ಸೈಡರ್ಸ್' ಕಥೆಯನ್ನು ಕನ್ನಡದಲ್ಲಿ ಹೇಳಲು ತಿಂಗಳಿಗೊಂದು ಶನಿವಾರ ನಾನೇ ಬರುತ್ತೇನೆ. ಮೂರನೆಯದು, ಪ್ರತಿ ಮಗುವಿಗೂ ಒಂದು ನೋಟ್‌ಬುಕ್. ಅದರಲ್ಲಿ ಏನು ಬೇಕಾದರೂ ಬರೆಯಬಹುದು, ತಪ್ಪು ತಿದ್ದುವಂತಿಲ್ಲ, ಮಾರ್ಕ್ಸು ಹಾಕುವಂತಿಲ್ಲ, ಅವರು ಕೊಟ್ಟರೆ ಮಾತ್ರ ಓದಬೇಕು. ಓದಿದಾಗ ಮಗು ಅಪಾಯದಲ್ಲಿದೆ ಅನ್ನಿಸಿದರೆ ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ಎರಡು ನಂಬರನ್ನು ನೋಟಿಸ್ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸುವ ಖರ್ಚೂ ನಮ್ಮದು.

ಮಕ್ಕಳಿಗೆ ಒಂದೇ ಮಾತು. ಫೇಲಾದರೆ ಲೋಕ ಮುಗಿಯುವುದಿಲ್ಲ. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮನೆಯಲ್ಲಿ, ಮನಸ್ಸಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಒಬ್ಬ ದೊಡ್ಡವರಿಗೆ ಹೇಳಿ. ಅವರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಕೇಳಿಸಿಕೊಳ್ಳುವವರು ಸಿಗುವ ತನಕ ಹೇಳಿ. ಹೇಳಲಾಗದಿದ್ದರೆ ಬರೆಯಿರಿ.

ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಪಾಸಾಗಿ ಹೋದವರ ಹೆಸರುಗಳು ಈ ಸಂಚಿಕೆಯಲ್ಲಿ ಅಚ್ಚಾಗುತ್ತವೆ ಎಂದು ಕೇಳಿ ಸಂತೋಷವಾಯಿತು. ಸಂಪಾದಕ ಮಂಡಳಿಯವರಲ್ಲಿ ನನ್ನ ವಿನಂತಿ: ಹಾಜರಿ ಪುಸ್ತಕ ತೆಗೆದು, ಸೇರಿ ಮುಗಿಸದೆ ಹೋದವರ ಹೆಸರುಗಳನ್ನೂ ಅದೇ ಪಟ್ಟಿಯಲ್ಲಿ, ಅದೇ ಅಕ್ಷರದಲ್ಲಿ ಹಾಕಿ. ಅವರೂ ಈ ಶಾಲೆಯ ಮಕ್ಕಳೇ.